ನೋಡದ ಅಂಕಿ

ಈ ಕಥೆಯನ್ನು ಮೊದಲು ಹೇಳಿದವನು ಬೆಳಗೋಡಿನಿಂದ ಆಲೂರಿನ ಮೇಲೆ ಹಾಸನಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಶಫಿ. ಹೇಳಿದ್ದು ಹೋದ ವರ್ಷ ಫೆಬ್ರವರಿಯ ಕೊನೆಯ ಗುರುವಾರ, ಮಧ್ಯಾಹ್ನದ ಟೀ ಹೊತ್ತಿನಲ್ಲಿ, ನಮ್ಮ ಎಸ್ಟೇಟಿನ ಸ್ಟೋರಿನಲ್ಲಿ. ಅವನ ಬಸ್ಸಿನ ಟೈರು ಗೇಟಿನ ತಿರುವಿನಲ್ಲೇ ಕೂತುಬಿಟ್ಟಿತ್ತು. ಡ್ರೈವರ್ ಚಕ್ರ ಬಿಚ್ಚಿ ಹಾಕುವವರೆಗೆ ಶಫಿ ಒಳಗೆ ಬಂದು, ಕಾಫಿ ಬೀಜ ಆರಿಸುತ್ತಿದ್ದ ಹೆಂಗಸರ ನಡುವೆ ಒಂದು ಮೂಟೆಯ ಮೇಲೆ ಕುಳಿತ. ಹೂವಿನ ಮಳೆ ಇನ್ನೂ ಬಂದಿರಲಿಲ್ಲ. ಆ ಒಂದು ಮಳೆ ಬಿದ್ದರೆ ಎಂಟು ಹತ್ತು ದಿನದಲ್ಲಿ ಗುಡ್ಡವೆಲ್ಲ ಬೆಳ್ಳಗಾಗುತ್ತದೆ. ಬೀಳದಿದ್ದರೆ ಮೊಗ್ಗು ಗಿಡದಲ್ಲೇ ಕರಟುತ್ತದೆ. ಆದ್ದರಿಂದ ಎಲ್ಲರ ಬಾಯಲ್ಲೂ ಮಳೆಯದೇ ಮಾತು.

"ಏನ್ ಮಾರಾಯ, ನಿನ್ ಬಸ್ಸು ಮಳೆಗಿಂತ ಲೇಟು," ಎಂದಳು ಮಾರಮ್ಮ.

"ಬಸ್ಸು ಲೇಟಾದ್ರೂ ಬರ್ತೈತೆ ಕಣಕ್ಕ. ಮಳೆ ಅಂದಿದ್ದಕ್ಕೆ ಗ್ಯಾಪ್ಕ ಬಂತು, ಒಂದ್ ಕಥೆ ಐತೆ. ನಿಮ್ ರೈಟ್ರುದೇ. ಏನ್ ರೈಟ್ರೇ, ಹೇಳ್ಬುಡ್ಲಾ?"

ರೈಟರ್ ವೀರಯ್ಯ ಬಾಗಿಲಲ್ಲಿ ನಿಂತಿದ್ದರು. ಮೂವತ್ತೊಂದು ವರ್ಷದಿಂದ ಈ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್. ಆಳುಗಳ ಹಾಜರಿ ಈಗ ಮೊಬೈಲಿಗೆ ಹೋಗಿದೆ. ಅವರಿಗೆ ಉಳಿದಿರುವುದು ಸ್ಟೋರಿನ ಬೀಗದ ಕೈ ಮತ್ತು ಮಳೆ ಪುಸ್ತಕ. ದಿನಾ ಬೆಳಿಗ್ಗೆ ಎಂಟಕ್ಕೆ ಅಂಗಳದ ರೇನ್ ಗೇಜಿನ ನೀರನ್ನು ಅಳತೆ ಗ್ಲಾಸಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಎಷ್ಟು ಇಂಚು ಎಷ್ಟು ಸೆಂಟು ಎಂದು ಆ ದಿನದ ಚೌಕದಲ್ಲಿ ಬರೆಯಬೇಕು. ಇಂಚಿಗೆ ನೂರು ಸೆಂಟು.

ವೀರಯ್ಯ ಒಳಗೆ ಹೋಗಿ ಆ ಪುಸ್ತಕವನ್ನೇ ತಂದು ಶಫಿಯ ಮಡಿಲಲ್ಲಿಟ್ಟರು. ಹಾಳೆಗಳ ನಡುವೆ ಮಡಿಸಿದ ಕಾಗದಗಳಿದ್ದವು. "ಓದು. ನೀನೇ ಬರ್ದಿದ್ದಲ್ವಾ ಅರ್ಧ," ಎಂದರು.

ಅವರ ಮಗಳು ಶಿವಲೀಲಾ ಆ ಹಿಂದಿನ ಜೂನಿನಲ್ಲಿ ಹಾಸನದ ಒಂದು ಕಾಲೇಜಿಗೆ ಪಿಯುಸಿಗೆಂದು ಹೋಗಿದ್ದಳು. ಹಾಸ್ಟೆಲಿನವರು ಭಾನುವಾರ ಮಾತ್ರ ಫೋನು ಕೊಡುತ್ತಾರೆ. ಎಸ್ಟೇಟಿನಲ್ಲಿ ಸಿಗ್ನಲ್ ಬೇಕೆಂದರೆ ನೀರಿನ ಟ್ಯಾಂಕು ಹತ್ತಬೇಕು. ಬಸ್ಸು ಹಾಸ್ಟೆಲಿನ ಗೇಟಿನ ಮುಂದೆಯೇ ಹಾದುಹೋಗುವುದರಿಂದ ಕಾಗದಗಳು ಶಫಿಯ ಚರ್ಮದ ಚೀಲದಲ್ಲಿ ಓಡಾಡಿದವು. ಹಾಸನಕ್ಕೆ ಹೋದವನ್ನೂ ಅವಳು ರಜೆಗೆ ಬಂದಾಗ ತಂದು ಪುಸ್ತಕದಲ್ಲಿ ಸೇರಿಸಿದ್ದಳು. ಅವನು ಓದಿದ ಹಾಗೆಯೇ ಇಲ್ಲಿ ಇಡುತ್ತೇನೆ.

*

ಹಾಸನ
4 ಜೂನ್ 2024

ಅಪ್ಪನಿಗೆ ಶಿವಲೀಲಾ ಮಾಡುವ ನಮಸ್ಕಾರಗಳು.

ಇಲ್ಲಿ ಕ್ಷೇಮ. ರೂಮಿನಲ್ಲಿ ಮೂವರಿದ್ದೇವೆ. ಪಕ್ಕದ ಮಂಚದವಳು ಸಕಲೇಶಪುರ ಪೇಟೆಯ ಶಾಹೀನ್. ನಿದ್ದೆಯಲ್ಲೂ ಮಾತಾಡುತ್ತಾಳೆ. ಮೊದಲ ದಿನ ನನಗೆ ಬೆಳಿಗ್ಗೆ ಎಂಟಕ್ಕೆ ತಾನಾಗಿಯೇ ಕೈ ಚಾಚಿತು, ಗ್ಲಾಸು ಹಿಡಿಯುವ ಹಾಗೆ. ಅವಳು ನೋಡಿ, "ಏನೇ, ಯಾರ್ಗೆ ಕಾಫಿ ಕೊಡ್ತಿದೀಯ?" ಎಂದು ನಕ್ಕಳು.

ಇಲ್ಲಿ ಮಂಜು ನಮ್ಮಲ್ಲಿಯಂತೆ ಮನೆಯೊಳಗೆ ಬರುವುದಿಲ್ಲ. ದೂರದಲ್ಲಿ ನಿಂತು ನೋಡಿ ಹೋಗುತ್ತದೆ.

ಒಂದು ವಿಷಯ ಇದೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಅರವತ್ತು ಬಂದವರಿಗೆ ನೇರವಾಗಿ ಗಣಿತ ಕೊಡುತ್ತಾರೆ. ನನ್ನದು ಐವತ್ತೆಂಟು. ಕೊನೆಯ ಪುಟ ಮುಟ್ಟುವುದರೊಳಗೆ ಗಂಟೆ ಹೊಡೆದಿದ್ದು ನಿಮಗೆ ಗೊತ್ತಲ್ಲ. ನನ್ನಂಥವರಿಗೆ ಇನ್ನೊಂದು ಪರೀಕ್ಷೆ ಇಟ್ಟಿದ್ದಾರೆ. ಹೊರಗಿನ ಸಂಸ್ಥೆಯೊಂದು ತಯಾರಿಸಿದ ಪರೀಕ್ಷೆ, ಎಲ್ಲ ಊರಿಗೂ ಒಂದೇ. ನಲವತ್ತು ಪ್ರಶ್ನೆ, ನಲವತ್ತು ನಿಮಿಷ. ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದದ್ದರ ಮುಂದಿನ ಗುಂಡಿಗೆ ಪೆನ್ನಿನಲ್ಲಿ ಬಣ್ಣ ತುಂಬಬೇಕು. ಯಂತ್ರ ನೋಡಿ ಅಂಕ ಕೊಡುತ್ತದೆ. ಇಪ್ಪತ್ತು ಬಂದರೆ ಗಣಿತ. ಇಲ್ಲದಿದ್ದರೆ ಆರ್ಟ್ಸು, ಅದು ಬೇಡವಾದರೆ ಮನೆಗೆ.

ನಾನು ಬಂದದ್ದೇ ಅದಕ್ಕೆ ಅಪ್ಪ. ನಮ್ಮ ಮಳೆ ಪುಸ್ತಕಗಳ ಮೂವತ್ತೊಂದು ವರ್ಷದ ಅಂಕಿಗಳು ಏನೋ ಹೇಳುತ್ತಿವೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಹೂವಿನ ಮಳೆ ಮೆಲ್ಲಗೆ ಎತ್ತಲೋ ಸರಿಯುತ್ತಿದೆ. ಅದನ್ನು ಕೇಳಿಸಿಕೊಳ್ಳಲು ಒಂದು ವಿದ್ಯೆ ಬೇಕು. ಅದು ಇಲ್ಲಿ ಮೂರನೇ ಮಹಡಿಯಲ್ಲಿ ಗಂಗಾಮಣಿ ಮೇಡಂ ಹೇಳಿಕೊಡುತ್ತಾರಂತೆ.

ಅಲ್ಲಿ ಎಷ್ಟು ಮಳೆ? ಒಂದನೇ ತಾರೀಖಿನಿಂದ ಬರೆದು ಕಳಿಸಿ.

ನಿಮ್ಮ ಮಗಳು
ಶಿವಲೀಲಾ

*

ಎಸ್ಟೇಟು, ಬೆಳಗೋಡು ಹೋಬಳಿ
7 ಜೂನ್ 2024

ಮಗಳು ಶಿವಲೀಲಾಗೆ ಅಪ್ಪನ ಆಶೀರ್ವಾದಗಳು.

ಈ ಅಕ್ಷರ ಶಫಿಯದು. ಸ್ಟೋರಿನ ಬಾಗಿಲಿಗೆ ಸಿಕ್ಕಿ ನನ್ನ ಬಲಗೈ ಬೆರಳು ಜಜ್ಜಿದೆ, ಹೆದರುವಂಥದ್ದೇನಿಲ್ಲ. ನಿನ್ನ ಅಮ್ಮನ ಕೈಯಲ್ಲಿ ಬರೆಸೋಣವೆಂದರೆ ಅವಳು ನಾನು ಹೇಳಿದ್ದನ್ನು ಬಿಟ್ಟು ತನಗೆ ತೋಚಿದ್ದನ್ನು ಬರೆಯುತ್ತಾಳೆ. ಏಳೂವರೆಗೆ ಅಂಗನವಾಡಿಗೆ ಹೊರಟರೆ ಅವಳಿಗೂ ಪುರುಸೊತ್ತಿಲ್ಲ. ನಿನಗೆ ಹುಣಸೆ ತೊಕ್ಕು ಕಳಿಸಿದ್ದಾಳೆ. ಶಫಿ ದಾರಿಯಲ್ಲಿ ರುಚಿ ನೋಡಿದರೆ ಹೇಳು.

ಪರೀಕ್ಷೆಗೆ ಹೆದರಬೇಡ. ಅವಸರ ಮಾಡಬೇಡ. ಹಣ್ಣು ಕುಯ್ದ ಕಡೆ ಒಂದು ಸಲ ತೂಗುತ್ತೇವೆ, ಸ್ಟೋರಿನಲ್ಲಿ ಇನ್ನೊಂದು ಸಲ ತೂಗುತ್ತೇವೆ. ಎರಡೂ ತಾಳೆಯಾದರೆ ತಾನೇ ಬರೆಯುವುದು? ನೀನೂ ಹಾಗೆಯೇ ಮಾಡು.

ಮಳೆ:

ನಿನ್ನ ಅಪ್ಪ
ವೀರಯ್ಯ

(ಶಿವಲೀಲಾ, 'ಮಳೆ' ಅಂತ ಬರೆಸಿ ಆಮೇಲೆ ಏನೂ ಹೇಳಲಿಲ್ಲ. ಎಷ್ಟು ರೈಟ್ರೇ ಅಂದೆ. ಇರಲಿ ಬಿಡು ಅಂದರು. ತೊಕ್ಕು ನಾನು ಮುಟ್ಟಿಲ್ಲ, ಅಲ್ಲಾನಾಣೆ, ಒಂದೇ ಬೆರಳು. – ಶಫಿ)

*

ಹಾಸನ
14 ಜೂನ್ 2024

ಅಪ್ಪನಿಗೆ ನಮಸ್ಕಾರಗಳು.

ಬೆರಳು ಹೇಗಿದೆ? ಮಳೆ ಬರೆಯಲು ಮರೆತಿರಾ?

ಪರೀಕ್ಷೆ ಆಯಿತು. ನನಗೆ ಹದಿನೈದು.

ಅಪ್ಪ, ನಾನು ನೀವು ಹೇಳಿದ ಹಾಗೆಯೇ ಮಾಡಿದೆ. ಒಂದು ಲೆಕ್ಕ ಮಾಡುವುದು, ಬಂದ ಉತ್ತರದಿಂದ ತಿರುಗಿ ಹಿಂದಕ್ಕೆ ನಡೆದು ಬರುವುದು, ಹೊರಟ ಜಾಗಕ್ಕೇ ಬಂದರೆ ಗುಂಡಿ ತುಂಬುವುದು. ಕೋಣೆಯಲ್ಲಿ ಎಲ್ಲರ ಪೆನ್ನುಗಳು ಒಣ ಎಲೆಯ ಮೇಲೆ ಹನಿ ಬಿದ್ದ ಹಾಗೆ ಪಟಪಟ ಅನ್ನುತ್ತಿದ್ದವು. ನನಗೆ ಮಾತ್ರ ಬಹಳ ದೂರದಲ್ಲಿ, ಒಂದು ಗ್ಲಾಸಿನೊಳಗೆ ಕೂತಿರುವ ಹಾಗಿತ್ತು. ಹದಿನೈದನೆಯದು ಮುಗಿಸಿ ತಲೆ ಎತ್ತಿದೆ, ಹಾಳೆ ಎಳೆದುಕೊಂಡರು.

ಶಾಹೀನ್‌ಗೆ ಇಪ್ಪತ್ತೆರಡು. ಅವಳದೂ ಎಸ್ಸೆಸ್ಸೆಲ್ಸಿಯಲ್ಲಿ ಐವತ್ತೈದೇ. ಹಾಸ್ಟೆಲಿಗೆ ಬಂದು ತಲೆ ತಲೆ ಚಚ್ಚಿಕೊಂಡಳು. "ಲೇ ಪೆದ್ದಿ, ಗೊತ್ತಿಲ್ದಿದ್ದಕ್ಕೆಲ್ಲ ಸಿ ತುಂಬ್ಬುಡೋದಲ್ವೇನೇ? ನಂಗೆ ಗೊತ್ತಿದ್ದಿದ್ದು ಹದಿನಾಲ್ಕೇ ಕಣೇ. ಮಿಕ್ಕಿದ್ ಇಪ್ಪತ್ತಾರಕ್ಕೂ ಕಣ್ಮುಚ್ಕೊಂಡು ಸಿ, ಸಿ, ಸಿ. ಎಂಟು ಸರಿಯಾಗ್ಬುಟ್ವು! ತಪ್ಪಾದ್ರೆ ಅಂಕ ಕಡಿಯೋದೂ ಇಲ್ಲ. ಖಾಲಿ ಬಿಟ್ಟು ಬಂದಿದೀಯಲ್ಲ, ಏನ್ ಮನೆ ಕಟ್ಸಕ್ಕೆ ಸೈಟಾ ಅದು?"

ನೋಡದೆ ಹೇಗೆ ಬರೆಯುವುದು ಎಂದೆ. ಆಮೇಲೆ ಅವಳೇ ಅತ್ತಳು.

ಜೂನ್ ಮೂವತ್ತರೊಳಗೆ ಆರ್ಟ್ಸಿಗೆ ಹೆಸರು ಬರೆಸಬೇಕು. ಇಲ್ಲ ಟಿ.ಸಿ. ತೆಗೆದುಕೊಂಡು ಹೋಗಬೇಕು. ಏನು ಮಾಡಲಿ ಅಪ್ಪ? ನಿನ್ನೆ ಕನಸಿನಲ್ಲಿ ಮೂರನೇ ಮಹಡಿಯ ಮೆಟ್ಟಿಲು ಹತ್ತುತ್ತಿದ್ದೆ. ಒಂದೊಂದು ಮೆಟ್ಟಿಲ ಮೇಲೂ ಒಂದೊಂದು ತಾರೀಖು ಬರೆದಿತ್ತು. ಹತ್ತಿದಷ್ಟೂ ಮುಗಿಯಲಿಲ್ಲ.

ನಿಮ್ಮ
ಶಿವಲೀಲಾ

*

(ಈ ಕಾಗದ ಓದಿಸಿಕೊಂಡ ಮೇಲೆ ವೀರಯ್ಯ ಒಂದು ವಾರ ಉತ್ತರ ಬರೆಸಲಿಲ್ಲವಂತೆ. ಬಸ್ಸು ನಿಂತಾಗಲೆಲ್ಲ ಗೇಟಿಗೆ ಬರುವರು, ಶಫಿ ಚೀಲದಿಂದ ಪೆನ್ನು ತೆಗೆಯುವನು, "ನಾಳೆ ನೋಡಾಣ" ಎಂದು ವಾಪಸು ಹೋಗುವರು. ಅಷ್ಟರಲ್ಲಿ ಹಾಸನದಿಂದ ಇನ್ನೊಂದು ಕಾಗದ ಬಂತು. ಅಕ್ಷರ ಮಗಳದಲ್ಲ.)

*

ಹಾಸನ
19 ಜೂನ್ 2024

ವೀರಯ್ಯನವರಿಗೆ ನಮಸ್ಕಾರಗಳು.

ನಾನು ಗಂಗಾಮಣಿ. ನಿಮ್ಮ ಮಗಳ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಯಾರಿಗೆ ಪಾಠ ಮಾಡಬೇಕು, ಯಾರಿಗೆ ಬೇಡ ಎಂದು ತೀರ್ಮಾನಿಸುವ ಯಂತ್ರದ ಪಟ್ಟಿಯೂ ನನ್ನ ಮೇಜಿಗೇ ಬರುತ್ತದೆ.

ಆ ಪಟ್ಟಿಯಲ್ಲಿ ಇರುವುದು ಹೆಸರು ಮತ್ತು ಒಂದು ಅಂಕಿ ಅಷ್ಟೇ. ಇಪ್ಪತ್ತಕ್ಕಿಂತ ಕೆಳಗಿನವರ ಮೂಲ ಹಾಳೆಗಳನ್ನು ನಾನು ಪ್ರತಿ ವರ್ಷ ಒಮ್ಮೆ ಮಗುಚಿ ನೋಡುತ್ತೇನೆ, ಯಾರೂ ಹೇಳದಿದ್ದರೂ. ಶಿವಲೀಲಾಳ ಹಾಳೆ ಬೇರೆಯ ಹಾಗಿತ್ತು. ತುಂಬಿದ್ದು ಹದಿನೈದು. ಹದಿನೈದೂ ಸರಿ. ಅವುಗಳಲ್ಲಿ ಮೂರು, ಇಡೀ ಕಾಲೇಜಿನಲ್ಲಿ ಬೇರೆ ಯಾರೂ ಸರಿ ಮಾಡದವು. ಉಳಿದ ಇಪ್ಪತ್ತೈದು ಖಾಲಿ. ಖಾಲಿ ಬಿಟ್ಟ ಇಪ್ಪತ್ತೈದಕ್ಕೂ ಸುಮ್ಮನೆ ಕಣ್ಣು ಮುಚ್ಚಿ ತುಂಬಿದ್ದರೆ ಆರಾದರೂ ಸರಿಯಾಗುವ ಸಂಭವವಿತ್ತು. ಇಪ್ಪತ್ತೊಂದು ಬಂದು ಅವಳು ಈಗ ನನ್ನ ತರಗತಿಯಲ್ಲಿ ಇರುತ್ತಿದ್ದಳು. ಯಂತ್ರಕ್ಕೆ ತಪ್ಪು ಉತ್ತರವೂ ಸೊನ್ನೆ, ಖಾಲಿಯೂ ಸೊನ್ನೆ.

ಕರೆದು ಕೇಳಿದೆ. "ನೋಡದ ಅಂಕಿ ಬರೆಯಬಾರದು ಮೇಡಂ. ಮಳೆ ಪುಸ್ತಕದಲ್ಲಿ ಹಾಗೆ ಬರೆಯಲ್ಲ," ಎಂದಳು. ನನಗೆ ಅರ್ಥವಾಗಲಿಲ್ಲ. ಪ್ರಿನ್ಸಿಪಾಲರಿಗೂ ಅರ್ಥವಾಗಲಿಲ್ಲ. "ಉತ್ತರ ಬರದೆ ಬಿಟ್ಟಿದ್ದಾಳೆ, ಈಗ ಕಥೆ ಹೇಳುತ್ತಾಳೆ" ಎಂದರು ಅವರು. ಆ ಪುಸ್ತಕವನ್ನು ಕಣ್ಣಾರೆ ತೋರಿಸಿದರೆ ಮತ್ತೊಮ್ಮೆ ಮಾತಾಡಬಹುದು. ದಯವಿಟ್ಟು ಈ ವರ್ಷದವರೆಗಿನ ಪುಸ್ತಕವನ್ನು ಬಸ್ಸಿನಲ್ಲಿ ಕಳಿಸಿಕೊಡುವಿರಾ? ಇಪ್ಪತ್ತೊಂಬತ್ತಕ್ಕೆ ಕೊನೆಯ ಸಭೆ.

ವಿಶ್ವಾಸದಿಂದ
ಗಂಗಾಮಣಿ

*

(ಇದನ್ನು ಓದಿ ಹೇಳಿದಾಗ ವೀರಯ್ಯನವರ ಮುಖ ಅರಳಿ, ಹಾಗೆಯೇ ಬಾಡಿತು ಎಂದ ಶಫಿ. "ಪುಸ್ತಕ ಬ್ಯಾಡ ಕಣೋ, ಬರೀ ಕಾಗ್ದ ಬರಿ" ಎಂದರಂತೆ. ಕಾಗದ ಬರೆದಾಯಿತು. ಸ್ವಲ್ಪ ಹೊತ್ತಿಗೆ ಅದನ್ನು ಹರಿದುಹಾಕಿಸಿದರು. ಇನ್ನೊಂದು ಬರೆಸಿದರು.)

*

ಎಸ್ಟೇಟು
22 ಜೂನ್ 2024

ಮೇಡಂ ಅವರಿಗೆ ವೀರಯ್ಯ ಮಾಡುವ ನಮಸ್ಕಾರಗಳು.

ಪುಸ್ತಕ ಕಳಿಸಿದ್ದೇನೆ. ಇದು 2015ರಿಂದ ಈಚಿನದು. ಹಳೆಯವು ಗೆದ್ದಲು ಹಿಡಿಯದಂತೆ ಪೆಟ್ಟಿಗೆಯಲ್ಲಿವೆ, ಬೇಕಾದರೆ ಅವನ್ನೂ ಕಳಿಸುವೆ.

ನಮ್ಮಲ್ಲಿ ಸೊನ್ನೆ ಬೇರೆ, ಖಾಲಿ ಬೇರೆ. ಸೊನ್ನೆ ಎಂದರೆ ಎಂಟು ಗಂಟೆಗೆ ಹೋಗಿ ನೋಡಿದೆ, ಮಳೆ ಇರಲಿಲ್ಲ ಎಂದು. ಖಾಲಿ ಎಂದರೆ ನೋಡಲಿಲ್ಲ ಎಂದು. ಅಂದಾಜಿನಲ್ಲಿ ತುಂಬುವ ಪದ್ಧತಿ ನಮ್ಮ ಎಸ್ಟೇಟಿನಲ್ಲಿಲ್ಲ. ನನಗೆ ಕೆಲಸ ಕಲಿಸಿದ ಹಿಂದಿನ ರೈಟರ್ ಕಾಲದಿಂದಲೂ ಇಲ್ಲ.

2017ರ ಆಗಸ್ಟ್ 9ನೇ ತಾರೀಖು ನೋಡಿ. ಅಲ್ಲಿ '30' ಎಂದು ಮಗುವಿನ ಅಕ್ಷರದಲ್ಲಿ ಬರೆದು ಹೊಡೆದುಹಾಕಿದೆ. ಶಿವಲೀಲಾಗೆ ಆಗ ಒಂಬತ್ತು ವರ್ಷ. ನನಗೆ ಜ್ವರ ಬಂದಿತ್ತು, ಹೋಗಿ ನೋಡಿ ಬಾ ಮಗಾ ಎಂದೆ. ಹೊರಗೆ ಮಂಜು ಕವಿದಿತ್ತು, ಕಿಟಕಿಯಿಂದಲೇ ಮುಗಿಲು ನೋಡಿ ಮೂವತ್ತು ಎಂದು ಬರೆದಳು. ಕಾಲು ಒದ್ದೆಯಾಗಿರಲಿಲ್ಲ, ಅದರಿಂದ ಗೊತ್ತಾಯಿತು. ನಾನು ಬೈಯಲಿಲ್ಲ. ಹೊಡೆದುಹಾಕಿ ಖಾಲಿ ಬಿಟ್ಟೆ ಅಷ್ಟೇ. ಆ ಖಾಲಿಯನ್ನು ಅವಳು ಇಷ್ಟು ದಿನ ಹೊತ್ತುಕೊಂಡು ತಿರುಗುತ್ತಾಳೆ ಎಂದು ನನಗೆ ತಿಳಿದಿರಲಿಲ್ಲ. ತಪ್ಪು ಇದ್ದರೆ ನನ್ನದು, ಅವಳದಲ್ಲ.

ಈ ತಿಂಗಳ ಹಾಳೆ ಅವಳಿಗೆ ತೋರಿಸದಿದ್ದರೆ ಉಪಕಾರವಾಗುತ್ತದೆ.

ತಮ್ಮ
ವೀರಯ್ಯ

(ಮೇಡಂ, ನಾನು ಬರೆಯುವವನು, ಶಫಿ. ಒಂದು ಮಾತು ನನ್ನ ಕಡೆಯಿಂದ. ಈ ತಿಂಗಳು ಚೌಕಗಳೆಲ್ಲ ಖಾಲಿ ಇವೆ. ನಾನು ಹೇಳಿದೆ, ರೈಟ್ರೇ, ಪಕ್ಕದ ಎಸ್ಟೇಟಿನ ಅಂಕಿ ತಂದು ಕೊಡ್ತೀನಿ, ಬೇಲಿ ಆಚೆ ಈಚೆ ಏನ್ ಬೇರೆ ಮಳೆ ಬೀಳ್ತೈತಾ, ತುಂಬ್ಸಿ ಕಳ್ಸಿ, ಯಾರ್ಗೂ ಗೊತ್ತಾಗಲ್ಲ ಅಂತ. "ತುಂಬಿಸಿದರೆ ಆಮೇಲೆ ಇದನ್ನು ಕಳಿಸುವುದಕ್ಕೆ ಅರ್ಥ ಏನೋ?" ಅಂದರು.)

*

ಹಾಸನ
24 ಜೂನ್ 2024

ಅಪ್ಪ,

ಮೇಡಂ ತೋರಿಸಲಿಲ್ಲ. ಅವರು ನೀರು ಕುಡಿಯಲು ಹೋದಾಗ ನಾನೇ ತೆರೆದೆ. ನಮ್ಮ ಪುಸ್ತಕವನ್ನು ಬೇರೆ ಊರಿನ ಮೇಜಿನ ಮೇಲೆ ಕಂಡಾಗ ಬೆಳಿಗ್ಗೆ ಎಂಟರ ವಾಸನೆ ಬಂತು, ಒದ್ದೆ ಹುಲ್ಲಿನದು. ತೆರೆಯದೆ ಇರಲಾಗಲಿಲ್ಲ.

ಮೇ 31ರ ಚೌಕದಲ್ಲಿ 35 ಸೆಂಟು. ಅದು ನಾನು ಓದಿದ್ದು, ನೀವು ಬರೆದದ್ದು. ಆಮೇಲೆ ಒಂದೂ ಇಲ್ಲ. ಇಪ್ಪತ್ತೆರಡು ಚೌಕ.

ನೀವು ಜ್ವರದಲ್ಲಿ ಕಂಬಳಿ ಹೊದ್ದು ಹೋಗಿ ಅಳೆದವರು. ಬೆರಳು ಜಜ್ಜಿದರೆ ಎಡಗೈಯಲ್ಲಿ ಬರೆಯುತ್ತೀರಿ. ಬೆರಳಲ್ಲ ಅಪ್ಪ. ಹೋದ ವರ್ಷದಿಂದ "ನೀನು ಓದು, ನಾನು ಬರೀತೀನಿ" ಎಂದು ಶುರು ಮಾಡಿದಿರಿ. ಅಳತೆ ಗ್ಲಾಸನ್ನು ನನ್ನ ಕೈಗೆ ಕೊಡುವಾಗ ಮೇಲಿನ ಕಂಠವನ್ನು ಬೆರಳಿನಿಂದ ಸವರಿ ಹುಡುಕುತ್ತಿದ್ದಿರಿ. ನಾನು ನೋಡಿದ್ದೆ, ಕಂಡಿರಲಿಲ್ಲ.

ಯಾವಾಗಿನಿಂದ ಕಾಣಿಸುತ್ತಿಲ್ಲ?

ಗಣಿತ ಬೇಡ. ನಾಡಿದ್ದು ಟಿ.ಸಿ. ತೆಗೆದುಕೊಂಡು ಶಫಿಯಣ್ಣನ ಬಸ್ಸಿಗೆ ಬರುತ್ತೇನೆ. ಎಂಟು ಗಂಟೆಗೆ ಓದುವವರು ಒಬ್ಬರು ಬೇಕು.

ಶಿವಲೀಲಾ

*

ಎಸ್ಟೇಟು
25 ಜೂನ್ 2024

ಮಗಾ,

ಬರಬೇಡ.

ಶಫಿ ಬಸ್ಸು ನಿಲ್ಲಿಸಿಕೊಂಡು ಬರೆಯುತ್ತಿದ್ದಾನೆ, ಒಳಗೆ ಜನ ಬೈಯುತ್ತಿದ್ದಾರೆ. ಚುಟುಕಾಗಿ ಹೇಳುತ್ತೇನೆ.

ಎರಡು ವರ್ಷವಾಯಿತು. ಮೊದಲು ಗ್ಲಾಸಿನ ಗೀರುಗಳು ಒಂದಕ್ಕೊಂದು ಅಂಟಿಕೊಂಡವು. ಆಮೇಲೆ ಗ್ಲಾಸು ಎತ್ತಿ ಹಿಡಿದರೆ ಒಳಗೆಲ್ಲ ಬಿಳಿ. ಮಗಾ, ಹೂವಾದ ದಿನ ಗುಡ್ಡದ ತಲೆಯಲ್ಲಿ ನಿಂತು ನೋಡಿದರೆ ಹೇಗಿರುತ್ತದೋ ಹಾಗೆ. ದಿನಾ ಎಂಟು ಗಂಟೆಗೆ ಹೋಗುತ್ತೇನೆ, ಹಿಡಿಯುತ್ತೇನೆ, ಕಾಫಿ ಹೂವಿನ ತೋಟ ನೋಡಿ ನೀರು ಚೆಲ್ಲಿ ಬರುತ್ತೇನೆ. ಒಂದೊಂದು ದಿನ ಪರಿಮಳವೂ ಬಂದ ಹಾಗಾಗುತ್ತದೆ. ಹೆದರಿಕೆಯಾಗಲಿಲ್ಲ, ಸುಳ್ಳೇಕೆ. ಆದರೆ ಅದನ್ನು ಎಷ್ಟು ಸೆಂಟು ಎಂದು ಬರೆಯುವುದು?

ಹೋದ ವರ್ಷದ ಅಂಕಿಗಳನ್ನು ನಾನು ನೋಡದೆಯೇ ಬರೆದೆ, ನೀನು ಓದಿದ್ದನ್ನು. ಅದು ತಪ್ಪು ಅನ್ನಿಸಲಿಲ್ಲ. ನಿನ್ನ ಕಣ್ಣನ್ನು ನನ್ನ ಕಣ್ಣು ಎಂದುಕೊಂಡುಬಿಟ್ಟಿದ್ದೆ. ನೀನು ಹೊರಟ ಮಾರನೆಯ ದಿನವೇ ತಿಳಿಯಿತು, ಅದು ನಿನ್ನದು ಎಂದು. ನಿನಗೆ ಹೇಳಿದರೆ ನೀನು ಓದು ಬಿಟ್ಟು ಬರುತ್ತೀಯ ಎಂದು ಹೇಳಲಿಲ್ಲ. ನೋಡು, ಬರುತ್ತೀನಿ ಎಂದೇ ಬರೆದೆ.

ನೀನು ಬಂದು ಓದಿದರೆ ದಿನಕ್ಕೆ ಒಂದು ಚೌಕ ತುಂಬುತ್ತದೆ. ಅಲ್ಲಿದ್ದರೆ ಮೂವತ್ತೊಂದು ವರ್ಷದ ಚೌಕಗಳನ್ನು ಓದುತ್ತೀಯ. ಯಾವುದು ದೊಡ್ಡದು, ನೀನೇ ಲೆಕ್ಕ ಹಾಕು. ಎರಡು ಸಲ ಹಾಕು.

ನಿನ್ನ ಅಪ್ಪ
ವೀರಯ್ಯ

(ನಿಮ್ಮ ಅಮ್ಮ ಇಲ್ಲೇ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಎಲ್ಲಾ ಕೇಳಿಸಿಕೊಂಡರು. "ಎರಡ್ ವರ್ಷದಿಂದ ಸಾರಿಗೆ ಉಪ್ಪು ಹಾಕಿದ್ನೋ ಇಲ್ವೋ ಅಂತ ಬಟ್ಲಲ್ಲಿ ಇಣುಕಿ ಇಣುಕಿ ನೋಡೋರು, ಏನ್ ಹುಡುಕ್ತಾರೆ ಅಂದ್ಕೊಂಡಿದ್ದೆ ಕಣೋ ಶಫಿ" ಅಂದರು. ಆಮೇಲೆ ರೈಟರ್ ಕೈ ಹಿಡಿದುಕೊಂಡು ಹೋದರು. – ಶಫಿ)

*

ಹಾಸನ
30 ಜೂನ್ 2024

ಅಪ್ಪನಿಗೆ ಅಮ್ಮನಿಗೆ ನಮಸ್ಕಾರಗಳು.

ನಾನು ಬರಲಿಲ್ಲ. ಎರಡು ಸಲ ಲೆಕ್ಕ ಹಾಕಿದೆ.

ನಿನ್ನೆ ಸಭೆಗೆ ನನ್ನನ್ನೂ ಕರೆದರು. ಪ್ರಿನ್ಸಿಪಾಲರು ಪುಸ್ತಕವನ್ನು ಮೊದಲಿನಿಂದ ತಿರುವಿದರು. ಅವರೂ ಯಾವುದೋ ತೋಟದ ಕಡೆಯವರೇ ಇರಬೇಕು, ಸೆಂಟು ಎಂದರೆ ಏನೆಂದು ಕೇಳಲಿಲ್ಲ. ಜೂನ್ ತಿಂಗಳ ಹಾಳೆಗೆ ಬಂದು ನಿಂತರು.

"ಇದೇನಮ್ಮ, ಈ ತಿಂಗಳು ಸುರಿದ ಮಳೆಗೆ ನಮ್ಮ ಕಾಂಪೌಂಡೇ ಬಿತ್ತು. ನಿಮ್ಮಲ್ಲಿ ಒಂದು ಹನಿಯೂ ಇಲ್ಲವಾ?"

"ಮಳೆ ಇತ್ತು ಸಾರ್. ನೋಡೋರು ಇರಲಿಲ್ಲ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಿಯಮ ಅಂದರೆ ನಿಯಮ, ಗಂಗಾಮಣಿ. ಇವಳಿಗೊಂದು, ಮಿಕ್ಕವರಿಗೊಂದು ಮಾಡೋಕಾಗಲ್ಲ," ಎಂದರು. ಮೇಡಂ, "ಬೇರೆ ಮಾಡುವುದು ಬೇಡ ಸಾರ್. ಅದೇ ಹಾಳೆ, ಅದೇ ಪ್ರಶ್ನೆ. ಖಾಲಿ ಇರುವ ಇಪ್ಪತ್ತೈದನ್ನು ನಿಮ್ಮ ಎದುರಿಗೇ ಮಾಡಲಿ. ಗಡಿಯಾರ ಮಾತ್ರ ಗೋಡೆ ಕಡೆ ತಿರುಗಿಸಿ. ಹೀಗೆ ಖಾಲಿ ಬಿಟ್ಟ ಬೇರೆ ಮಕ್ಕಳಿದ್ದರೆ ಅವರಿಗೂ ಇದೇ ಅವಕಾಶ ಕೊಡೋಣ," ಎಂದರು.

ಅಪ್ಪ, ಅವರ ಕೋಣೆಯಲ್ಲಿ ಕೂತು ಮಾಡಿದೆ. ಹೊರಗೆ ಮಂಜು ಕಿಟಕಿಯವರೆಗೂ ಬಂದಿತ್ತು, ಮೊದಲ ಸಲ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಇಬ್ಬರೂ ಎರಡು ಸಲ ಕಾಫಿ ಕುಡಿದರು. ಇಪ್ಪತ್ತೆರಡು ತುಂಬಿದೆ. ಮೂರು ಬಿಟ್ಟೆ.

ಪ್ರಿನ್ಸಿಪಾಲರು ಆ ಮೂರನ್ನು ತೋರಿಸಿ, "ಇವಕ್ಕೆ ಏನಾದರೂ ಒಂದು ಹಾಕಿಬಿಡು, ಯಾರು ಕೇಳುತ್ತಾರೆ?" ಎಂದರು. ಕೇಳಿದ ದನಿ ಬೇರೆಯಾಗಿತ್ತು. ನನ್ನನ್ನು ಪರೀಕ್ಷೆ ಮಾಡುತ್ತಿದ್ದರೋ ಏನೋ.

"ಕಾಣಲಿಲ್ಲ ಸಾರ್," ಎಂದೆ.

ಅವರು ನಾನು ತುಂಬಿದ ಇಪ್ಪತ್ತೆರಡನ್ನೂ ಉತ್ತರಪಟ್ಟಿಯ ಜೊತೆ ತಾಳೆ ನೋಡಿ, "ಅಕ್ಟೋಬರ್ ಅರ್ಧವಾರ್ಷಿಕದವರೆಗೆ ಕೂರಲಿ. ಆಗ ನೋಡೋಣ," ಎಂದರು. ಅವರೂ ನೋಡದೆ ಬರೆಯುವವರಲ್ಲ.

ಮೇಡಂ ಮೆಟ್ಟಿಲಿಳಿಯುವಾಗ ಹೇಳಿದರು: "ಅಂದಾಜು ಅನ್ನೋದೂ ಒಂದು ವಿದ್ಯೆ ಕಣೇ. ಇದು ಅಂದಾಜು ಅಂತ ಹೇಳಿ ಬರೆದರೆ ಅದು ಸುಳ್ಳಲ್ಲ. ಅದನ್ನು ನಿನಗೆ ಜನವರಿಯಲ್ಲಿ ಕಲಿಸ್ತೀನಿ." ಅಪ್ಪ, ಆಗ ನಮ್ಮ ಜೂನಿನ ಚೌಕಗಳನ್ನು ಪೆನ್ಸಿಲ್ಲಿನಲ್ಲಿ ತುಂಬೋಣವೇ?

ನಾಳೆ ಒಂಬತ್ತಕ್ಕೆ ಮೂರನೇ ಮಹಡಿ. ಶಾಹೀನ್ ನನ್ನ ಪಕ್ಕದಲ್ಲೇ ಕೂರುತ್ತಾಳಂತೆ. "ನೀನು ನೋಡಿ ಹೇಳು, ನಾನು ಬರೀತೀನಿ," ಎನ್ನುತ್ತಾಳೆ. ಬೇಡ ಎಂದೆ.

ದಸರಾ ರಜೆಗೆ ಬರುತ್ತೇನೆ. ಆಸ್ಪತ್ರೆಗೆ ಹೋಗುವುದು. ಇದರಲ್ಲಿ ನಿಮ್ಮ ಮಾತು ಕೇಳುವುದಿಲ್ಲ.

ನಿಮ್ಮ ಮಗಳು
ಶಿವಲೀಲಾ

*

(ಇಲ್ಲಿಂದ ಐದು ತಿಂಗಳು ಪುಸ್ತಕದ ನಡುವೆ ಕಾಗದವಿಲ್ಲ. ಅಕ್ಟೋಬರಿನಲ್ಲಿ ಹಾಸನದ ಕಣ್ಣಿನ ಆಸ್ಪತ್ರೆಯಲ್ಲಿ ಪೊರೆ ತೆಗೆಸಿದ ಚೀಟಿಯೊಂದಿದೆ, ಅದರ ಬೆನ್ನಿಗೆ ಶಿವಲೀಲಾಳ ಅಮ್ಮ ಇಂದ್ರಮ್ಮನವರ ಅಕ್ಷರದಲ್ಲಿ 'ಹಸಿರು ಬಟ್ಟೆ, ಹತ್ತಿ, ಬಾಳೆಹಣ್ಣು' ಎಂದಿದೆ. ಮಾಲೀಕ ಮೋಹನ್ ರಜೆ ಕೊಟ್ಟರು. ರೈಟರನ್ನು ಬದಲಾಯಿಸುವ ಮಾತೆತ್ತಲಿಲ್ಲ. ಕೊನೆಯ ಕಾಗದವನ್ನು ಶಫಿ ಓದುವ ಮೊದಲು ಎಲ್ಲರಿಗೂ ತಿರುಗಿಸಿ ತೋರಿಸಿದ. ಅಕ್ಷರಗಳು ಬೀಜ ಹರಡಿದ ಹಾಗೆ ದಪ್ಪ ದಪ್ಪ, ಸಾಲು ಬಿಟ್ಟು ಮೇಲಕ್ಕೆ ಹೋಗಿದ್ದವು.)

*

ಎಸ್ಟೇಟು
2 ಡಿಸೆಂಬರ್ 2024

ಮಗಳು ಶಿವಲೀಲಾಗೆ ಅಪ್ಪನ ಆಶೀರ್ವಾದಗಳು.

ಇದು ನನ್ನ ಕೈ. ಶಫಿಗೆ ಬೇಸರವಾಗಿದೆ. "ನನ್ ಕೆಲ್ಸ ಕಿತ್ಕೊಂಡ್ಬುಟ್ರಲ್ಲ ರೈಟ್ರೇ," ಅನ್ನುತ್ತಾನೆ.

ಅರ್ಧವಾರ್ಷಿಕದಲ್ಲಿ ಐವತ್ತಕ್ಕೆ ನಲವತ್ತೊಂದು ಬಂತು, ಗಣಿತದಲ್ಲೇ ಉಳಿಸಿದರು ಎಂದು ಭಾನುವಾರ ಹೇಳಿದೆ. ಉಳಿದ ಒಂಬತ್ತನ್ನು ಖಾಲಿ ಬಿಟ್ಟೆಯೋ ತಪ್ಪು ಬರೆದೆಯೋ ಹೇಳಲಿಲ್ಲ. ಟ್ಯಾಂಕಿನ ಮೇಲಿಂದ ಕೂಗಿ ಕೇಳುವ ವಿಷಯವಲ್ಲ, ಬಿಡು.

ಜೂನಿನಿಂದ ಈಚೆಗೆ ಖಾಲಿ ಉಳಿದ ಚೌಕಗಳ ಮಾತು. ಪೆನ್ಸಿಲ್ಲೂ ಬೇಡ. ನಿನ್ನ ಮೇಡಂ ವಿದ್ಯೆ ದೊಡ್ಡದು, ಅದನ್ನು ನಿನ್ನ ನೋಟ್‌ಬುಕ್ಕಿನಲ್ಲಿ ಮಾಡು. ಇಲ್ಲಿ ಹಾಗೆಯೇ ಇರಲಿ. ನಿನ್ನನ್ನು ಕಾಲೇಜಿಗೆ ಕಳಿಸಿದ ಮಳೆಗಾಲ ಅದು. ಮುಂದೆ ಯಾರಾದರೂ ತೆರೆದರೆ ಇಲ್ಲಿ ಯಾಕೆ ಖಾಲಿ ಎಂದು ಕೇಳುತ್ತಾರೆ. ಕೇಳಲಿ.

ಇವತ್ತು ಗ್ಲಾಸು ಹಿಡಿದೆ. ಬಿಳಿ ತೋಟ ಇರಲಿಲ್ಲ. ಸ್ವಲ್ಪ ಕಳೆದುಕೊಂಡ ಹಾಗೂ ಆಯಿತು. ಗೀರುಗಳು ಕಂಡವು, ಒಂದೊಂದೂ ಬೇರೆ ಬೇರೆ, ನೀನು ಎಣಿಸಲು ಕಲಿಯುತ್ತಿದ್ದಾಗ ಇಟ್ಟ ಕಡ್ಡಿಗಳ ಹಾಗೆ. ನೀರಿರಲಿಲ್ಲ.

ಮಳೆ: 0. ನೋಡಿ ಬರೆದದ್ದು.

ನಿನ್ನ ಅಪ್ಪ
ವೀರಯ್ಯ

*

ಶಫಿ ಕಾಗದ ಮಡಿಸಿದ. ಹೊರಗೆ ಡ್ರೈವರ್ ಹಾರ್ನ್ ಹೊಡೆದ. "ಹೋಗ್ಬತ್ತೀನಿ ಕಣ್ರವ್ವಾ," ಎಂದು ಅವನು ಎದ್ದು ಹೋದ. ಮಾರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಇಪ್ಪತ್ತೆಂಟ್ ವರ್ಷ ಆ ಡಬ್ಬದ್ ಪಕ್ಕದಲ್ಲೇ ಓಡಾಡಿವ್ನಿ, ಅದ್ರೊಳ್ಗೇನೈತೆ ಅಂತ ಒಂದಿನ ನೋಡಿಲ್ಲ," ಎಂದಳು.

ಮಾರನೆಯ ಬೆಳಿಗ್ಗೆ ಎಂಟಕ್ಕೆ ವೀರಯ್ಯ ಅಂಗಳಕ್ಕೆ ಬಂದಾಗ ರೇನ್ ಗೇಜಿನ ಸುತ್ತ ಹನ್ನೊಂದು ಜನ ಹೆಂಗಸರು ನಿಂತಿದ್ದರು. ಗೇಟಿನಲ್ಲಿ ಬಸ್ಸು ನಿಂತಿತ್ತು. ಒಳಗಿನ ಜನ ಕಿಟಕಿಯಿಂದ ಕತ್ತು ಚಾಚಿದ್ದರು. ಮುಗಿಲು ಶುಭ್ರವಾಗಿತ್ತು. ಗಿಡಗಳಲ್ಲಿ ಮೊಗ್ಗು ಹಾಗೆಯೇ ಕಾಯುತ್ತಿತ್ತು. ವೀರಯ್ಯ ಡಬ್ಬ ಬಿಚ್ಚಿ, ಒಳಗಿನ ಬಾಟಲಿಯನ್ನು ಗ್ಲಾಸಿಗೆ ಬಗ್ಗಿಸಿ, ಗ್ಲಾಸನ್ನು ಮಾರಮ್ಮನ ಕೈಗೆ ಕೊಟ್ಟರು. ಅವಳು ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿದಳು.

"ಅಯ್, ಏನೂ ಇಲ್ವಲ್ಲ ರೈಟ್ರೇ!"

"ಇಲ್ಲ ಅಂತ ನೋಡಿದ್ಯಲ್ಲ. ಬರಿ," ಎಂದು ವೀರಯ್ಯ ಪೆನ್ನು ಕೊಟ್ಟರು.

ಅವಳು ನೆಲದ ಮೇಲೆ ಕೂತು, ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಬರೆದಳು. ಸೊನ್ನೆ ಸ್ವಲ್ಪ ಕೋಳಿಮೊಟ್ಟೆಯ ಹಾಗಾಯಿತು. ಹನ್ನೊಂದು ಜನವೂ ಸರದಿಯಲ್ಲಿ ಬಗ್ಗಿ ಅದನ್ನು ನೋಡಿ, ಸ್ಟೋರಿನ ಕಡೆಗೆ ಕೆಲಸಕ್ಕೆ ಹೋದರು.